ಇಬ್ಬರು ದ್ಯಾಮವ್ವಂದಿರು, ಒಂದೇ ಸಾಲು

ಕಂಪ್ಯೂಟರ್ ಕೆಲಸದಲ್ಲಿದ್ದು ನಿವೃತ್ತನಾದವನು ಎಂದರೆ ಜನ ಒಂದು ಕ್ಷಣ ಎದ್ದು ನಿಂತ ಹಾಗೆ ಮಾಡುತ್ತಾರೆ. ಅಲ್ಲಿ ಏನು ಕೆಲಸ ಎಂದು ಕೇಳಿ, ಉತ್ತರ ಕೇಳಿಸಿಕೊಂಡ ಮೇಲೆ ಮತ್ತೆ ಕೂತುಬಿಡುತ್ತಾರೆ. ಒಂದೇ ಸಂಗತಿಯನ್ನು ಎರಡು ಸಲ ಬರೆದವರ ಹಿಂದೆ ಹೋಗಿ, ಎರಡರಲ್ಲಿ ಒಂದನ್ನು ಅಳಿಸುವುದು ನನ್ನ ಕೆಲಸವಾಗಿತ್ತು. ರೋಣದ ಒಂದು ಧರ್ಮಾರ್ಥ ಕಣ್ಣಿನ ದವಾಖಾನೆಯಲ್ಲಿ, ತಲೆಗೂದಲು ಕಪ್ಪಗಿದ್ದಾಗ ಕೂತ ಕುರ್ಚಿಯಿಂದ ಅದು ಪೂರಾ ಉದುರಿದ ಮೇಲೆ ಎದ್ದೆ. ನಡುವೆ ನನಗೆ ಬಡ್ತಿ ಸಿಕ್ಕಿದ್ದೂ ಉಂಟು. ಕುರ್ಚಿಗೆ ಕೈ ಬಂದವು. ಅದಕ್ಕಿಂತ ಹೆಚ್ಚು ಹೇಳುವಂಥದ್ದೇನೂ ಅದರಲ್ಲಿಲ್ಲ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರನ್ನು ನೋಡುತ್ತೇನೆ. ಅವರ ಹುದ್ದೆಗಳ ಹೆಸರು ಬಾಗಿಲ ಮೇಲಿನ ಫಲಕದಲ್ಲಿ ಹಿಡಿಯುವುದಿಲ್ಲ. ಡೇಟಾ ಕ್ಲೀನಿಂಗ್ ಅನ್ನುತ್ತಾರೆ, ಅದಕ್ಕೊಂದು ಪ್ರಮಾಣಪತ್ರ ಕೊರಳಿಗೆ ಕಟ್ಟಿಕೊಂಡು ಬರುತ್ತಾರೆ. ಸಂತೋಷ. ಆದರೆ ಅವರಿಗೆ ಯಾರೂ ಹೇಳಿರದ ನಾಲ್ಕು ಮಾತುಗಳಿವೆ. ಅವನ್ನು ಬರೆದಿಡುವುದು ಹಿರಿಯನಾದ ನನ್ನ ಪವಿತ್ರ ಕರ್ತವ್ಯವೆಂದು ಭಾವಿಸಿ, ಊಟವಾದ ಮೇಲೆ ನಿದ್ದೆ ಬಾರದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಮೊದಲು ನಕಲು ಸಾಲು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕು. ನಮ್ಮ ದವಾಖಾನೆಗೆ ರೋಣದಲ್ಲಿ ಕಟ್ಟಡ. ನರಗುಂದದಲ್ಲಿ, ಗಜೇಂದ್ರಗಡದಲ್ಲಿ ವಾರಕ್ಕೊಮ್ಮೆ ಶಿಬಿರ. ಮೂರು ಕಡೆಯೂ ಬಂದ ರೋಗಿಗಳ ಹೆಸರು ಕಂಪ್ಯೂಟರಿನ ಒಂದು ದೊಡ್ಡ ಕೋಷ್ಟಕಕ್ಕೆ ಸೇರುತ್ತಿತ್ತು. ಒಬ್ಬ ರೋಗಿಗೆ ಒಂದು ಅಡ್ಡಸಾಲು. ಆ ಸಾಲಿನಲ್ಲಿ ಹೆಸರು, ಗಂಡ ಅಥವಾ ತಂದೆಯ ಹೆಸರು, ಅಡ್ಡಹೆಸರು, ಊರು, ವಯಸ್ಸು, ಫೋನು, ಯಾವ ಕಣ್ಣು, ಆಪರೇಷನ್ ಆಗಿದೆಯೋ ಇಲ್ಲವೋ ಎಂಬ ಮಾಹಿತಿ. ಶಾಸ್ತ್ರ ಇಷ್ಟೇ. ಆಚರಣೆಗೆ ಬಂದರೆ, ನರಗುಂದದ ನಮ್ಮ ಗುಮಾಸ್ತರು ಸೇವ್ ಗುಂಡಿಯನ್ನು ಮುಚ್ಚಿದ ಮನೆಯ ಕದ ಬಡಿದ ಹಾಗೆ ಒತ್ತುವವರು. ಒಳಗಿಂದ ಯಾರೂ ಓಗೊಡದಿದ್ದರೆ ಮತ್ತೆ ಬಡಿಯುವುದು ಅವರ ಸಂಸ್ಕಾರ.

"ಯಾಕ್ರಿ, ಒಬ್ಬ ಮನಷ್ಯಾನ್ನ ಮೂರ ಸಲ ಬರದೀರಿ?" ಎಂದು ಒಮ್ಮೆ ಫೋನಿನಲ್ಲಿ ಕೇಳಿದೆ.

"ಕರೆಂಟ್ ಹೋಗಿ ಬಂತ್ರಿ. ಬರಕೊಂಡೈತೊ ಇಲ್ಲೊ ಅಂತ ಸಂಶೇ ಬಂತು. ಅದಕ್ಕ ಇನ್ನೊಮ್ಮಿ ಒತ್ತಿದೆ."

"ಅದು ಎರಡನೇದಾತು. ಮೂರನೇದು?"

"ಎರಡನೇದರ ಮ್ಯಾಲೂ ಸಂಶೇ ಬಂತ್ರಿ."

ಇಂಥ ಶ್ರದ್ಧೆಯ ಮುಂದೆ ಯಾವ ಯಂತ್ರ ಏನು ಮಾಡೀತು. ಹೀಗೆ ಹುಟ್ಟಿದ ಸಾಲುಗಳನ್ನು ಅಳಿಸಬೇಕೆಂದು ನಮ್ಮ ಮೊದಲ ಆಡಳಿತಾಧಿಕಾರಿಗಳ ಮುಂದೆ ಹೋಗಿ ನಿಂತೆ. ಅವರು ಬ್ಯಾಂಕಿನಿಂದ ನಿವೃತ್ತರಾಗಿ ಬಂದವರು, ಸಂಖ್ಯೆಗಳನ್ನು ಕಂಡರೆ ಮೊಮ್ಮಕ್ಕಳನ್ನು ಕಂಡಷ್ಟು ಪ್ರೀತಿ. ವಾರ್ಷಿಕ ವರದಿ ಅಚ್ಚಿಗೆ ಹೋಗುವುದಿತ್ತು. ನಾನು ಕೊಟ್ಟ ಕಾಗದವನ್ನು ಕನ್ನಡಕ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ನೋಡಿದರು.

"ಈ ಡಬ್ಬಲ್ ತಗದ್ರ ಒಟ್ಟ ಸಂಖ್ಯಾ ಕಮ್ಮಿ ಆಗ್ತದೇನು?"

"ಆಗ್ತದ್ರಿ."

"ಹಂಗಾರ ಇರ್ಲಿ ಬಿಡ್ರಿ. ಪಾಪ, ಬಂದಾವ, ಎಲ್ಲಿ ಹೋಗ್ಬೇಕು ಅವು."

ಅವರ ಕಾಲದಲ್ಲಿ ನಮ್ಮ ದವಾಖಾನೆ ಕಾಗದದ ಮೇಲೆ ಎಷ್ಟು ಬೆಳೆಯಿತೆಂದರೆ, ರೋಣ ತಾಲ್ಲೂಕಿನಲ್ಲಿರುವ ಕಣ್ಣುಗಳಿಗಿಂತ ನಾವು ನೋಡಿದ ಕಣ್ಣುಗಳೇ ಹೆಚ್ಚಾಗುವ ಲಕ್ಷಣಗಳಿದ್ದವು. ಟ್ರಸ್ಟಿನವರು ಅವರಿಗೆ ಶಾಲು ಹೊದಿಸಿ ಕಳಿಸಿದರು.

ಅವರ ಜಾಗಕ್ಕೆ ಬಂದ ಎರಡನೆಯ ಸಾಹೇಬರ ಮಾತೇ ಬೇರೆ. ಇವರು ಹುಬ್ಬಳ್ಳಿಯಲ್ಲಿ ಯಾವುದೋ ಆಡಳಿತದ ಕೋರ್ಸ್ ಮಾಡಿದವರು, ಶುದ್ಧಿಯ ಉಪಾಸಕರು. ಮೇಜಿನ ಮೇಲೆ ಪೆನ್ನು ಕೂಡ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಬೇಕು. ಇದ್ದದ್ದನ್ನು ಹೆಚ್ಚಿಸಿ ತೋರಿಸುವ ಸಾಹೇಬರ ಕೈಯಲ್ಲಿ ನಾನು ಬದುಕಿದ್ದೆ. ಇದ್ದದ್ದನ್ನು ಕಡಿಮೆ ಮಾಡಿ ತೋರಿಸುವವರ ಕೈಯಲ್ಲಿ ಬದುಕುವುದು ಇನ್ನೂ ಕಷ್ಟ ಎಂದು ಆಮೇಲೆ ಗೊತ್ತಾಯಿತು. ಮೊದಲಿನವರಿಂದ ಸುಳ್ಳು ಮಾತ್ರ ಹುಟ್ಟುತ್ತಿತ್ತು. ಎರಡನೆಯವರಿಂದ ಮನುಷ್ಯರು ಮಾಯವಾಗತೊಡಗಿದರು.

ಅಳಿಸುವ ವಿಧಾನ ನನ್ನ ಕಣ್ಣೆದುರೇ ಬದಲಾಯಿತು. ಆರಂಭದಲ್ಲಿ ಕೋಷ್ಟಕವನ್ನು ಉದ್ದುದ್ದ ಕಾಗದದಲ್ಲಿ ಮುದ್ರಿಸಿ, ಹೆಸರಿನ ಕೆಳಗೆ ಫೂಟಪಟ್ಟಿ ಇಟ್ಟು ಒಂದೊಂದೇ ಸಾಲು ಇಳಿಯುತ್ತ ಕೆಂಪು ಪೆನ್ನಿನಿಂದ ಗೆರೆ ಹೊಡೆಯುತ್ತಿದ್ದೆವು. ಕುತ್ತಿಗೆ ನೋಯುತ್ತಿತ್ತು, ಆದರೆ ಗೆರೆ ಹೊಡೆಯುವ ಮುನ್ನ ಕೈ ಒಂದಿಷ್ಟು ತಡೆಯುತ್ತಿತ್ತು. ‘ಈ ಯಲ್ಲಪ್ಪ ಆ ಯಲ್ಲಪ್ಪನೇ ಹೌದೇನು’ ಎಂದು ಊರಿಗೆ ಫೋನು ಮಾಡುತ್ತಿದ್ದೆವು. ಆಮೇಲೆ ಎಕ್ಸೆಲ್ ಬಂತು. ಅದರಲ್ಲಿ ನಕಲು ತೆಗೆಯುವುದಕ್ಕೇ ಒಂದು ಗುಂಡಿ. ಒತ್ತಿದರೆ ಇಷ್ಟು ಸಾಲು ಹೋದವು, ಇಷ್ಟು ಉಳಿದವು ಎಂದು ಮೂಲೆಯಲ್ಲಿ ತೋರಿಸುತ್ತದೆ. ಯಾವುವು ಹೋದವು ಎಂದು ಹೇಳುವ ಸೌಜನ್ಯ ಅದಕ್ಕಿಲ್ಲ. ಕೊನೆಗೆ ಕ್ವೆರಿ ಬಂತು. ಹೆಸರು, ಊರು, ವಯಸ್ಸು ಒಂದೇ ಇರುವ ಸಾಲುಗಳನ್ನೆಲ್ಲ ಗುಂಪು ಮಾಡು, ಪ್ರತಿ ಗುಂಪಿನಲ್ಲಿ ಮೊದಲು ಬರೆದ ಸಾಲನ್ನು ಉಳಿಸು, ಉಳಿದವನ್ನೆಲ್ಲ ಅಳಿಸು. ಮೂರು ಸಾಲಿನ ಆಜ್ಞೆ. ಹಿಂದೆ ಅರಸರಿಗೂ ಇಷ್ಟು ಚುಟುಕಾಗಿ ಆಜ್ಞೆ ಕೊಡಲು ಬರುತ್ತಿರಲಿಲ್ಲ.

ಮೊದಲು ಬರೆದದ್ದನ್ನೇ ಯಾಕೆ ಉಳಿಸಬೇಕು ಎಂದು ಕೇಳಿದರೆ ಯಾರೂ ಉತ್ತರ ಹೇಳುವುದಿಲ್ಲ. ಮೊದಲು ಬಂದದ್ದೇ ನಿಜ, ಆಮೇಲೆ ಬಂದದ್ದು ಅದರ ನೆರಳು ಎಂಬುದು ಇಂಜಿನಿಯರ್‌ಗಳ ವೇದಾಂತ.

ಈ ವೇದಾಂತದ ಮೊದಲ ಬಲಿ ಬೆಳವಣಕಿಯ ಒಬ್ಬ ರೈತರು. ಅವರ ಎರಡೂ ಕಣ್ಣಿಗೆ ಪೊರೆ. ಎರಡು ಸಲ ಆಪರೇಷನ್ ಆಗಬೇಕಾದ್ದರಿಂದ ಬಲಗಣ್ಣಿಗೆ ಒಂದು ಸಾಲು, ಎಡಗಣ್ಣಿಗೆ ಒಂದು ಸಾಲು ಬರೆದಿದ್ದೆವು. ಹೆಸರು ಅದೇ, ಊರು ಅದೇ, ವಯಸ್ಸು ಅದೇ. ಕ್ವೆರಿ ಓಡಿತು, ಎಡಗಣ್ಣು ಹೋಯಿತು. ಎಷ್ಟು ಕಾದರೂ ಎರಡನೆಯ ಕರೆ ಬಾರದೆ ಅವರು ರೋಣಕ್ಕೇ ಬಂದು, ನನ್ನ ಮುಂದೆ ತಲೆಯ ಪಟಗ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಶಾಂತವಾಗಿ ಕೇಳಿದರು.

"ಸಾಹೇಬ್ರ, ನಂದೊಂದು ಕಣ್ಣು ಹೆಚ್ಚಿಗಿ ಆಗೇತಿ ಅಂತ ತಗದೀರಂತಲ್ರಿ. ಕಿವಿನೂ ಎರಡ ಅದಾವು. ಈಗ ತೋರಸ್ಲೊ, ಮುಂದಿನ ವಾರ ಬರ್ಲೊ?"

ಅವರ ಎಡಗಣ್ಣನ್ನು ಮತ್ತೆ ಬರೆದೆವು. ಅಂದಿನಿಂದ ಯಾವ ಕಣ್ಣು ಎಂಬುದನ್ನೂ ಹೋಲಿಕೆಗೆ ಸೇರಿಸಬೇಕೆಂದು ತೀರ್ಮಾನವಾಯಿತು. ಈ ಮಹತ್ತರ ಸುಧಾರಣೆಗಾಗಿ ಸಭೆ ಸೇರಿತು, ಚಹಾ ಬಂತು, ಮಿರ್ಚಿ ಬಂದವು. ಮನುಷ್ಯನಿಗೆ ಎರಡು ಕಣ್ಣಿರುತ್ತವೆ ಎಂಬ ಸಂಗತಿ ನಡಾವಳಿಯಲ್ಲಿ ದಾಖಲಾಯಿತು.

ಇನ್ನೊಂದೆಡೆ ಲಕ್ಕಲಕಟ್ಟಿಯ ಒಬ್ಬ ಮಹಾನುಭಾವರಿದ್ದರು. ಆಪರೇಷನ್ ಆದವರಿಗೆ ಕೊಡುವ ಕರಿ ಚಷ್ಮಾದ ಮೇಲೆ ಅವರಿಗೆ ವಿಶೇಷ ಮಮತೆ. ರೋಣದಲ್ಲಿ ಮನೆಯ ಹೆಸರು, ನರಗುಂದದಲ್ಲಿ ಶಾಲೆಯ ಹೆಸರು, ಗಜೇಂದ್ರಗಡದಲ್ಲಿ ಸ್ನೇಹಿತರು ಕರೆಯುವ ಹೆಸರು ಹೇಳಿ ಮೂರು ಕಡೆ ಹೊಲಿಗೆಯ ಗುರುತು ತೋರಿಸಿ ಮೂರು ಚಷ್ಮಾ ಪಡೆದರು. ಕಂಪ್ಯೂಟರಿಗೆ ಅವರು ಕೊನೆಯವರೆಗೂ ಮೂವರು. ಅಂದರೆ ಒಬ್ಬನೇ ಮೂರಾಗಿ ಬಂದರೆ ಯಂತ್ರ ಕೈಮುಗಿದು ಒಳಗೆ ಬಿಡುತ್ತದೆ. ಇಬ್ಬರು ಒಂದೇ ತರಹ ಕಂಡರೆ ಒಬ್ಬರ ಕುತ್ತಿಗೆಗೆ ಕೈ ಹಾಕುತ್ತದೆ. ಇದನ್ನು ನೆನಪಿಡಿ. ಮುಂದೆ ಹೇಳುವುದಕ್ಕೆ ಇದೇ ಪೀಠಿಕೆ.

ಎರಡನೆಯ ಸಾಹೇಬರು ಬಂದ ಮೇಲೆ ‘ಶೂನ್ಯ ನಕಲು’ ಎಂಬ ಯಜ್ಞಕ್ಕೆ ಸಂಕಲ್ಪ ಮಾಡಿದರು. ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದರು. ನಮ್ಮ ಕಡೆಯವರಲ್ಲಿ ಒಂದೇ ಮನೆಗೆ ಒಂದೇ ಫೋನು ಇರುತ್ತದೆ, ವಯಸ್ಸು ಕೇಳಿದರೆ ಎಲ್ಲರೂ "ಬರಕೋರಿ ಅರವತ್ತು" ಅನ್ನುತ್ತಾರೆ, ಅಜ್ಜ ಅಜ್ಜಿಯ ಹೆಸರನ್ನೇ ಮೊಮ್ಮಕ್ಕಳಿಗೆ ಇಡುತ್ತಾರೆ, ಅದರಿಂದ ಅಳಿಸುವ ಮೊದಲು ಒಮ್ಮೆ ತೋರಿಸಿ ಎಂದೆ. ಇಂಜಿನಿಯರ್ ನನ್ನನ್ನು ಕರುಣೆಯಿಂದ ನೋಡಿದರು.

"ಅಂಕಲ್, ಹೆಸರಿಂದ ಹಿಡಿದು ಯಾವ ಕಣ್ಣು ಅನ್ನೋವರೆಗೆ ಏಳು ಕಾಲಂ ಹೊಂದಾಣಿಕೆ ಆದ್ರೆ ಮಾತ್ರ ಡಿಲೀಟ್ ಆಗುತ್ತೆ. ಏಳೂ ಒಂದೇ ಇರೋ ಬೇರೆ ಬೇರೆ ಮನುಷ್ಯರು ಪ್ರಪಂಚದಲ್ಲೇ ಇರಲ್ಲ."

"ಪ್ರಪಂಚದಾಗ ಇರಲಿಕ್ಕಿಲ್ರಿ. ನಮ್ಮ ಸೂಡಿಯಂಥ ಊರಾಗ ಇರಬಹುದು."

ಸಾಹೇಬರು ನಕ್ಕರು. ಕ್ವೆರಿ ಓಡಿತು. ಜೊತೆಗೆ ಇಂಜಿನಿಯರ್ ಕೋಷ್ಟಕಕ್ಕೆ ಒಂದು ಬೀಗವನ್ನೂ ಹಾಕಿದರು: ಆ ಏಳೂ ಕಾಲಂ ಒಂದೇ ಇರುವ ಸಾಲನ್ನು ಇನ್ನು ಮುಂದೆ ಯಾರೂ ಸೇರಿಸಲಾಗದು. ಮರುದಿನವೇ ದವಾಖಾನೆಯ ಹಜಾರದ ಗೋಡೆಗೆ ‘ನಮ್ಮಲ್ಲಿ ನಕಲು ದಾಖಲೆಗಳಿಲ್ಲ’ ಎಂಬ ಬೋರ್ಡು ಬಿತ್ತು. ಕಣ್ಣು ಕಾಣದವರೇ ಬರುವ ಜಾಗದಲ್ಲಿ ಅದನ್ನು ಓದಬೇಕಾದವರು ಯಾರು ಎಂದು ನಾನು ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಗಜೇಂದ್ರಗಡದ ಶಿಬಿರಕ್ಕೆ ಸೂಡಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಗುರುತಿನ ಕಾರ್ಡಿನಲ್ಲಿ ಹೆಸರು ದ್ಯಾಮವ್ವ ಹೊಸಮನಿ. ಎಡಗಣ್ಣು ಚಿಕ್ಕವಳಿದ್ದಾಗಲೇ ಜೋಳದ ಗರಿ ತಾಗಿ ಹೋಗಿತ್ತು. ಇದ್ದ ಒಂದೇ ಕಣ್ಣು, ಬಲಗಣ್ಣು, ಪೊರೆ ಬಂದು ಬೆಳ್ಳಗಾಗಿತ್ತು. ಹೆಸರು ಬರೆಸಿ ಒಂದು ವರ್ಷದಿಂದ ಕರೆ ಬರುತ್ತದೆಂದು ಕಾದು, ಬಾರದ್ದಕ್ಕೆ ತಾನೇ ಬಸ್ಸು ಹತ್ತಿ ಬಂದಿದ್ದಳು. ನೋಂದಣಿಯ ಕಿಟಕಿಯಲ್ಲಿದ್ದವಳು ನಮ್ಮ ಶೈಲಾ. ನಾನು ಅವಳ ಪಕ್ಕದಲ್ಲೇ ಪ್ರಿಂಟರಿಗೆ ಕಾಗದ ತುಂಬುತ್ತಿದ್ದೆ.

"ಅಮ್ಮಾರ, ನಿಮ್ಮ ಆಪರೇಷನ್ ಆಗೇತ್ರಿ," ಎಂದಳು ಶೈಲಾ.

"ಯಾರದು?"

"ನಿಮ್ದರಿ. ಬಲಗಣ್ಣಿಂದು. ಹೋದ ವರ್ಷನ ಆಗೇತಿ."

"ಹೌದೇನವಾ? ನನಗ ಯಾರೂ ಹೇಳೇ ಇಲ್ಲ ನೋಡು." ಆಕೆ ಕಿಟಕಿಯ ಹತ್ತಿರ ಮುಖ ತಂದಳು. "ಹಂಗಾರ ನೀ ಯಾಕ ನನಗ ಬರೇ ಹೊಗಿ ಕಂಡಂಗ ಕಾಣಾಕ್ಹತ್ತೀಯಿ?"

ನಡೆದದ್ದು ಇದು. ಹೊಸಮನಿಯವರ ಮನೆಯಲ್ಲಿ ಅಣ್ಣ ಬಸಪ್ಪ, ತಮ್ಮ ಫಕೀರಪ್ಪ. ಅಣ್ಣನ ಹೆಂಡತಿಯ ಹೆಸರು ದ್ಯಾಮವ್ವ. ತಮ್ಮನಿಗೆ ತಂದ ಹೆಣ್ಣಿನ ಹೆಸರೂ ದ್ಯಾಮವ್ವ. ಒಂದು ಮನೆಯಲ್ಲಿ ಇಬ್ಬರು ಸೊಸೆಯರಿಗೆ ಒಂದೇ ಹೆಸರು ಬೇಡವೆಂದು ಮದುವೆಯಲ್ಲಿ ಕಿರಿಯವಳಿಗೆ ನೀಲವ್ವ ಎಂದು ಹೆಸರಿಟ್ಟರು. ಶಿಬಿರಕ್ಕೆ ಬಂದಿದ್ದವಳು ಈ ಕಿರಿಯವಳೇ. ಊರಿಗೆಲ್ಲ ಅವಳು ನೀಲವ್ವ. ಕಾರ್ಡಿಗೆ ಮಾತ್ರ ತವರಿನ ದ್ಯಾಮವ್ವ. ಮನೆಯ ಹಿರಿಯನೆಂದು ಇಬ್ಬರ ಕಾರ್ಡಿನ ವಿಳಾಸದಲ್ಲೂ ಬಸಪ್ಪನ ಹೆಸರು. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡ ನಮ್ಮ ಸ್ವಯಂಸೇವಕ, ಗಂಡನ ಹೆಸರೇನು ಎಂದು ಕೇಳಿದ್ದಾನೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಣ್ಣುಮಗಳು ಆ ಮನೆಯಲ್ಲಿಲ್ಲ. ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಾರೆ. ಅವನು ಕಾರ್ಡು ನೋಡಿ ಇಬ್ಬರಿಗೂ ಬಸಪ್ಪ ಎಂದು ಬರೆದು ಚಹಾ ಕುಡಿದು ಎದ್ದಿದ್ದಾನೆ. ಅಡ್ಡಹೆಸರು ಒಂದೇ, ಊರು ಒಂದೇ, ಫೋನು ಒಂದೇ, ವಯಸ್ಸು ಇಬ್ಬರಿಗೂ ಅರವತ್ತು, ಇಬ್ಬರದೂ ಬಲಗಣ್ಣು. ಪ್ರಪಂಚದಲ್ಲೇ ಇರದ ಏಳು ಕಾಲಂಗಳ ಹೊಂದಾಣಿಕೆ ಸೂಡಿಯ ಒಂದು ಪಡಸಾಲೆಯಲ್ಲಿ ಕೂತು ಅವರೆಕಾಳು ಸುಲಿಯುತ್ತಿತ್ತು. ಹಿರಿಯಳ ಆಪರೇಷನ್ ಹಿಂದಿನ ವರ್ಷ ಆಗಿತ್ತು. ಆಕೆಯ ಸಾಲು ಮೊದಲಿನದು, ಹಾಗಾಗಿ ಅದು ನಿಜ. ನೀಲವ್ವ ನೆರಳು.

ಇದೆಲ್ಲ ಗೊತ್ತಾದದ್ದು ಆಮೇಲೆ. ಆ ದಿನ ಶೈಲಾ ಏನು ಮಾಡಬೇಕು? ಟೋಕನ್ ಬರದೆ ಯಾರನ್ನೂ ಡಾಕ್ಟರ ಹತ್ತಿರ ಬಿಡುವಂತಿಲ್ಲ. ಆಪರೇಷನ್ ಆದವರಿಗೆ ಟೋಕನ್ ಬರುವುದಿಲ್ಲ. ಅವಳು ಸಾಹೇಬರಿಗೆ ಫೋನು ಮಾಡಿದಳು. ಸಾಹೇಬರು ಒಂದು ಕ್ಷಣವೂ ತಡೆಯದೆ ದಾರಿ ತೋರಿಸಿದರು: "ಆಪರೇಷನ್ ಆದ ಮ್ಯಾಲೂ ಕಾಣಸ್ತಿಲ್ಲ ಅಂತ ದೂರು ಬರಕೊಳ್ರಿ."

ಹೀಗೆ ಕಾಣದ ಕಣ್ಣು ದೂರಾಯಿತು. ದೂರು ಬಂದ ಮೇಲೆ ವಿಚಾರಣೆ ಆಗಬೇಕು. ನಮ್ಮ ಶಸ್ತ್ರವೈದ್ಯರಾದ ಪಾಟೀಲ ಡಾಕ್ಟರಿಗೆ, ತಾವು ಮಾಡಿದ ಶಸ್ತ್ರಚಿಕಿತ್ಸೆ ಏಕೆ ಕೆಟ್ಟಿತೆಂದು ಬರವಣಿಗೆಯಲ್ಲಿ ಕಾರಣ ಕೊಡುವಂತೆ ನೋಟೀಸು ಹೋಯಿತು. ಮುಂದಿನ ವಾರ ವಿಚಾರಣೆಗೆಂದು ನೀಲವ್ವನನ್ನು ರೋಣಕ್ಕೆ ಕರೆಸಿದರು. ಜೊತೆಗೆ ಗಂಡ ಫಕೀರಪ್ಪ, ನೆಗೆಣ್ಣಿ ದೊಡ್ಡ ದ್ಯಾಮವ್ವ ಬಂದಿದ್ದರು. ಡಾಕ್ಟರು ನೋಟೀಸನ್ನು ಕೈಯಲ್ಲಿ ಹಿಡಿದೇ ಬಂದು, ಆಕೆಯ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ನೋಡಿದರು. ಅರ್ಧ ನಿಮಿಷ ಹಿಡಿಯಲಿಲ್ಲ.

"ಈ ಕಣ್ಣಿಗೆ ನಾ ಕೈ ಹಚ್ಚಿಲ್ಲ. ಯಾರೂ ಹಚ್ಚಿಲ್ಲ."

"ಸಿಸ್ಟಮ್‌ನಾಗ ಆಗೇದ ಅಂತ ಅದಲ್ರಿ," ಎಂದರು ಸಾಹೇಬರು.

"ಹಂಗಾರ ಸಿಸ್ಟಮ್ಮಿನ ಕಣ್ಣಿಗೆ ಮಾಡಿರಬೇಕು." ಡಾಕ್ಟರು ಬ್ಯಾಟರಿ ಆರಿಸಿದರು. "ನೋಡ್ರಿ, ಪೊರಿ ಪೂರಾ ಹಣ್ಣಾಗೇದ. ಇನ್ನ ತಡಾ ಮಾಡಿದ್ರ ಒಳಗ ಒತ್ತಡ ಏರಿ ನರಾನ ಹೋಗ್ತದ. ಆಮ್ಯಾಲೆ ಯಾವ ಆಪರೇಷನ್ನೂ ಉಪಯೋಗಿಲ್ಲ. ಈಕಿಗಿರೋದು ಇದೊಂದ ಕಣ್ಣು. ನಾಳೆ ನಾ ಮಾಡತೀನಿ, ಹೆಸರು ಹಚ್ಚಿಸ್ರಿ."

ನೀಲವ್ವ ಇದನ್ನೆಲ್ಲ ಕೇಳಿಸಿಕೊಂಡಳು. ದೊಡ್ಡ ದ್ಯಾಮವ್ವನ ಕೈ ಹುಡುಕಿ ಹಿಡಿದುಕೊಂಡಳು, ಅಷ್ಟೆ.

ಹೆಸರು ಹಚ್ಚುವುದು ಎಂದರೆ ಹೊಸ ಸಾಲು ಸೇರಿಸುವುದು. ಮಸೂರ, ಔಷಧ, ಥಿಯೇಟರಿನ ಸರದಿ ಎಲ್ಲ ಆ ಸಾಲಿನಿಂದಲೇ ಹೊರಡಬೇಕು. ಹಳೆಯ ಬ್ಯಾಕಪ್ ಇತ್ತು. ಅದನ್ನು ಮರಳಿ ತಂದರೆ ಆಕೆಯ ಹಿಂದೆ ನರಗುಂದದ ಗುಮಾಸ್ತರ ಸಂಶಯಗಳೆಲ್ಲ ಮೆರವಣಿಗೆಯಲ್ಲಿ ಬರುತ್ತವೆ, ಗೋಡೆಯ ಬೋರ್ಡು ಇಳಿಸಬೇಕಾಗುತ್ತದೆ. ಸಾಹೇಬರು ಅದಕ್ಕೆ ಒಪ್ಪಲಿಲ್ಲ. ಶೈಲಾ ಆಕೆಯ ಕಾರ್ಡು ನೋಡಿ ಹೊಸದಾಗಿ ಬರೆದು ಸೇವ್ ಒತ್ತಿದಳು. ‘ಈ ವ್ಯಕ್ತಿ ಈಗಾಗಲೇ ಇದ್ದಾರೆ’ ಎಂದು ಪರದೆ ಹೇಳಿತು. ಇಂಜಿನಿಯರ್ ಹಾಕಿದ ಬೀಗ. ಅವರಿಗೆ ಫೋನು ಮಾಡಿದರೆ, ಒಂದಾದರೂ ಕಾಲಂ ಬೇರೆ ಇದ್ದರೆ ಬೀಗ ತಾನಾಗಿ ತೆಗೆಯುತ್ತದೆ ಎಂದರು. ಬೇರೆ ಇರಬೇಕಾದದ್ದು ಯಾವುದು ಎಂಬುದು, ಬಂದ ಮೂವರನ್ನೂ ಕೂರಿಸಿ ವಿಚಾರಿಸಿದ್ದರಿಂದ, ಅಷ್ಟು ಹೊತ್ತಿಗೆ ನಮಗೆಲ್ಲ ಗೊತ್ತಾಗಿತ್ತು: ಗಂಡನ ಹೆಸರು.

ಬಾಗಿಲ ಹತ್ತಿರ ನಿಂತಿದ್ದ ಫಕೀರಪ್ಪ ಒಂದು ಹೆಜ್ಜೆ ಮುಂದೆ ಬಂದ. "ನನ್ನ ಹೆಸರ ಬರಕೋರಿ ಮತ್ತ. ನಾನ ಈಕಿ ಗಂಡ."

ಸಾಹೇಬರು ಕೈಯೆತ್ತಿ ತಡೆದರು. ಕಾರಣ ತಿಳಿದ ಕೂಡಲೇ, ಆಗಷ್ಟೇ, ಅವರು ಹೊಸ ಸುತ್ತೋಲೆ ಹೊರಡಿಸಿದ್ದರು. ಬೇರೆಯವರು ಹೇಳಿದ್ದನ್ನು, ಕಾರ್ಡಿನಲ್ಲಿದ್ದದ್ದನ್ನು ಬರೆದುಕೊಂಡದ್ದರಿಂದಲೇ ಈ ಅನಾಹುತ ಆಗಿರುವುದರಿಂದ, ಇನ್ನು ಮುಂದೆ ಎಲ್ಲ ವಿವರವನ್ನೂ ರೋಗಿಯೇ ತನ್ನ ಬಾಯಿಂದ ಹೇಳತಕ್ಕದ್ದು. ಸುತ್ತೋಲೆಯ ಮಸಿ ಇನ್ನೂ ಆರಿರಲಿಲ್ಲ. ಅದನ್ನು ಬರೆದವರೇ ಮುರಿಯುವುದು ಹೇಗೆ?

"ನೀವು ರೋಗಿ ಅಲ್ಲ. ಅವ್ರ ಹೇಳ್ಬೇಕು."

"ನನ್ನ ಹೆಸರು ನನಗಿಂತ ಆಕಿಗೆ ಹೆಚ್ಚ ಗೊತ್ತೇನ್ರಿ?"

"ಅದು ಪ್ರಶ್ನೆ ಅಲ್ಲ. ಅಮ್ಮಾ, ಗಂಡನ ಹೆಸರು ಹೇಳ್ರಿ."

ನೀಲವ್ವ ಸೆರಗು ಬಾಯಿಗೆ ಹಿಡಿದಳು.

"ಅಮ್ಮಾ, ಗಂಡನ ಹೆಸರು ಹೇಳ್ರಿ," ಎಂದರು ಸಾಹೇಬರು, ಸ್ವಲ್ಪ ಗಟ್ಟಿಯಾಗಿ, ಆಕೆಗೆ ಕಿವಿಯೂ ಮಂದವೆಂದು ತಿಳಿದವರಂತೆ.

"ಅಲ್ಲೇ ನಿಂತಾರಲ್ರಿ ಅವ್ರು. ನೋಡ್ಕೊಳ್ರಿ."

"ನೋಡಿದ್ರ ಹೆಸರು ಹ್ಯಾಂಗ ಗೊತ್ತಾಗ್ತದ? ಹೇಳ್ರಿ."

ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಸುತ್ತೋಲೆ ಬಿಡಿ ಸಾಹೇಬ್ರ ಎಂದು ನಾನು ಹೇಳಿದೆ. ಸುತ್ತೋಲೆಯನ್ನು ಬಿಟ್ಟರೆ ಸಂಸ್ಥೆಯಲ್ಲಿ ಉಳಿಯುವುದೇನು ಎಂದು ಅವರು ನನ್ನನ್ನೇ ಕೇಳಿದರು. ಫಕೀರಪ್ಪ ಹೆಂಡತಿಯ ಕಡೆ ನೋಡಿ, "ಹೇಳ್ಬಿಡ ಮಾರಾಯ್ತಿ, ನಾ ಏನ ಸಾಯಂಗಿಲ್ಲ," ಎಂದ. ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆ ಎಂಬುದೇ ಆಕೆ ಹುಟ್ಟಿದಂದಿನಿಂದ ಕೇಳಿದ ಮಾತು. ಮದುವೆಯಾದಂದಿನಿಂದ ಮಾತಿನಲ್ಲಿ ಅಪ್ಪಿತಪ್ಪಿಯೂ ಬರದ ಹೆಸರನ್ನು, ಒಂದು ಮೇಜಿನ ಆಚೆ ಕೂತ ಸಾಹೇಬರು ಕೇಳಿದರೆಂದು ಈಗ ಬಾಯಿಗೆ ತರುವುದೇ?

"ನನ್ನ ಕಣ್ಣಿಗೆ ಅವ್ರ ಆಯುಷ್ಯ ಕೊಟ್ಟು ಏನ್ ನೋಡ್ಲಿ ನಾ," ಎಂದಳು ನೀಲವ್ವ, ಯಾರನ್ನೂ ಉದ್ದೇಶಿಸದೆ. "ಹೋಗೂನು ನಡೀ ಅಕ್ಕಾ. ಬಸ್ಸ ತಪ್ಪತೈತಿ."

ಆಕೆ ಎದ್ದಳು. ಎದ್ದವಳು ಹೋಗಿದ್ದರೆ ಆ ಕಣ್ಣು ಹೋದ ಹಾಗೇ ಆಗಿತ್ತು. ಅಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು. ಅವರು ಕುರ್ಚಿಯಲ್ಲಿ ಮಿಸುಕಾಡುತ್ತ ತಮ್ಮ ಸುತ್ತೋಲೆಯಲ್ಲಿ ಏನಾದರೂ ಕಿಂಡಿ ಇದೆಯೇ ಎಂದು ತಾವೇ ಓದತೊಡಗಿದ್ದರು. ಬಿಗಿಯಾಗಿ ಬರೆದಿದ್ದರು, ಕಿಂಡಿ ಇರಲಿಲ್ಲ.

ಆಗ ದೊಡ್ಡ ದ್ಯಾಮವ್ವ ನೆಗೆಣ್ಣಿಯ ರಟ್ಟೆ ಹಿಡಿದು ಮತ್ತೆ ಕೂರಿಸಿದಳು.

"ಹುಚ್ಚಿ, ಹೆಸರು ಹೇಳಬಾರ್ದು ಖರೇ. ಒಡಪಿನಾಗ ಹೇಳಿದ್ರ ಏನಾಕ್ಕೈತಿ? ಮದುವ್ಯಾಗ ಹೇಳಿಲ್ಲ? ಬಸರ ಕುಬುಸದಾಗ ಹೇಳಿಲ್ಲ? ಹಂಗ ಇಲ್ಲೂ ಒಂದ ಒಡಪ ಹಾಕು."

ನಮ್ಮ ಕಡೆಯ ಮದುವೆ ಮುಂಜಿಗಳಲ್ಲಿ, ಹೊಸ್ತಿಲ ಮೇಲೆ ನಿಂತ ಹೆಣ್ಣುಮಗಳು ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿದರೆ ದೋಷವಿಲ್ಲ. ಒಡಪಿನೊಳಗೆ ಹೊಕ್ಕ ಹೆಸರು ಹೇಳಿದ ಹಾಗಲ್ಲ, ಹಾಡಿದ ಹಾಗೆ. ನೀಲವ್ವ ತಲೆ ತಗ್ಗಿಸಿ ತುಟಿಯಲ್ಲೇ ಏನೋ ಹೊಂದಿಸಿದಳು. ಹೊರಗಿನ ಬೆಂಚಿನ ಮೇಲಿದ್ದ ಹೆಂಗಸರು ಸುಳಿವು ಹತ್ತಿ ಬಾಗಿಲಿಗೆ ಬಂದು ತುಂಬಿಕೊಂಡರು. ಆಕೆ ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದು, ಸಾಹೇಬರ ದನಿ ಬರುತ್ತಿದ್ದ ದಿಕ್ಕಿಗೆ ಮುಖ ತಿರುಗಿಸಿದಳು.

"ಸೂಡಿ ಹೊಂಡದ ನೀರ ತಿಳಿ,
ರೋಣದ ದವಾಖಾನಿ ಗ್ವಾಡಿ ಬಿಳಿ,
ಫಕೀರಪ್ಪನವರ ಹೆಸರ ಹೇಳತೀನಿ,
ಬರಕೋ, ಹೇಳಿದ್ದ ಹೇಳೊ ಗಿಳಿ."

ಬಾಗಿಲಲ್ಲಿದ್ದ ಹೆಂಗಸರು ಕೇಕೆ ಹಾಕಿ ನಕ್ಕರು. ಶೈಲಾ ಪರದೆಯ ಹಿಂದೆ ಮುಖ ಮರೆಸಿಕೊಂಡು ಕೀಲಿಗಳನ್ನು ಒತ್ತಿದಳು. ಸಾಹೇಬರು ಎಲ್ಲರನ್ನೂ ಒಮ್ಮೆ ನೋಡಿ, ಗಿಳಿಯೆಂದರೆ ತಾವಲ್ಲವೆಂಬಂತೆ ಗಂಟಲು ಸರಿಪಡಿಸಿಕೊಂಡು, "ಸ್ವಂತ ಬಾಯಿಂದ ಹೇಳ್ಯಾರ, ನಿಯಮದ ಪ್ರಕಾರ ಅದ," ಎಂದರು. ಫಕೀರಪ್ಪ ಮದುಮಗನ ಹಾಗೆ ನೆಲ ನೋಡುತ್ತ ನಿಂತಿದ್ದ. ಸೇವ್ ಒತ್ತಿದ್ದಾಯಿತು. ಬೀಗ ತೆಗೆಯಿತು. ದೊಡ್ಡ ದ್ಯಾಮವ್ವನ ಸಾಲಿನ ಕೆಳಗೆ ಇನ್ನೊಬ್ಬ ದ್ಯಾಮವ್ವ ಬಂದು ಕೂತಳು.

ಮರುದಿನ ಡಾಕ್ಟರು ಮಾತಿನಂತೆ ಆಪರೇಷನ್ ಮಾಡಿದರು. ಅವರಿಗೆ ಕೊಟ್ಟ ನೋಟೀಸು ಮಾತ್ರ ವಾಪಸಾಗಲಿಲ್ಲ. ಮಾಡದ ಆಪರೇಷನ್ ಕೆಟ್ಟದ್ದೇಕೆ ಎಂಬುದಕ್ಕೆ, ‘ಅದನ್ನು ಮಾಡದೆ ಇದ್ದುದೇ ಕಾರಣ’ ಎಂದು ಅವರು ಬರೆದುಕೊಟ್ಟ ಉತ್ತರ ಕಡತದಲ್ಲಿ ಈಗಲೂ ಇರಬೇಕು. ಬೋರ್ಡೂ ಗೋಡೆಯ ಮೇಲೆ ಹಾಗೇ ಇತ್ತು. ಆ ಯಜ್ಞದಲ್ಲಿ ಇನ್ನೆಷ್ಟು ಜನ ಆಹುತಿಯಾದರೋ ಹುಡುಕೋಣವೆಂದು ನಾನು ಸಾಹೇಬರನ್ನು ಕೇಳಿದೆ. "ಬಂದವ್ರನ್ನ ನೋಡೋಣು," ಎಂದರು. ಬಾರದವರನ್ನು ನೋಡುವ ಕಾಲಂ ಯಾವ ಕೋಷ್ಟಕದಲ್ಲೂ ಇಲ್ಲ. ಬ್ಯಾಕಪ್ ತೆರೆದು, ಅವರಿಗೆ ಹೇಳದೆ, ಊಟದ ಬಿಡುವಿನಲ್ಲಿ ಶೈಲಾ ಮತ್ತು ನಾನು ಒಂದೊಂದೇ ಊರಿಗೆ ಫೋನು ಮಾಡುತ್ತ ಹೋದೆವು. ಫೂಟಪಟ್ಟಿ, ಕೆಂಪು ಪೆನ್ನು ಮತ್ತೆ ಮೇಜಿನ ಮೇಲೆ ಬಂದವು. ಹೊಸದಾಗಿ ಸೇರುವವರೇ, ಅಳಿಸು ಎನ್ನುವ ಮುನ್ನ ತೋರಿಸು ಎನ್ನಿರಿ. ಯಂತ್ರ ತೋರಿಸಿದ್ದನ್ನು ನೀವೇ ನೋಡಿರಿ. ನೋಡಿದ ಮೇಲೂ ಅನುಮಾನವಿದ್ದರೆ ಆ ಊರಿಗೆ ಬಸ್ಸು ಇದೆ.

ಪಟ್ಟಿ ಬಿಚ್ಚಿದ ದಿನ ನೀಲವ್ವ ಊರಿಗೆ ಹೊರಡುವ ಮುನ್ನ ನಮ್ಮ ಕೋಣೆಗೆ ಬಂದಳು. ಕರಿ ಚಷ್ಮಾ ಹಣೆಗೇರಿಸಿ ನನ್ನನ್ನು, ಶೈಲಾಳನ್ನು, ಸೀಲಿಂಗ್ ಫ್ಯಾನನ್ನು ಒಂದೊಂದಾಗಿ ನೋಡಿದಳು.

"ತಮ್ಮಾ, ನಾ ಎಲ್ಲಿ ಅದೀನಿ ಅದರಾಗ? ತೋರಸು."

ಪರದೆಯನ್ನು ಆಕೆಯ ಕಡೆ ತಿರುಗಿಸಿ ಎರಡು ಸಾಲು ತೋರಿಸಿದೆ. ಮೇಲಿನದು ನಿಮ್ಮ ಅಕ್ಕನದು, ಕೆಳಗಿನದು ನಿಮ್ಮದು ಎಂದೆ. ಆಕೆಗೆ ಓದು ಬಾರದು. ಬೆರಳನ್ನು ಗಾಜಿಗೆ ತಾಗಿಸದೆ ತನ್ನ ಸಾಲಿನ ಮೇಲೆ ಮೆಲ್ಲಗೆ ಸರಿಸಿಕೊಂಡು ಹೋದಳು.

"ಇದರಾಗ ಅವ್ರದು ಯಾವುದು?"

ತೋರಿಸಿದೆ. ನೀಲವ್ವ ಬಗ್ಗಿ, ಹೊಸ ಕಣ್ಣನ್ನು ಆ ನಾಲ್ಕು ಅಕ್ಷರದ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, ಅಲ್ಲಿ ಚೀಲ ಹಿಡಿದು ನಿಂತಿದ್ದ ಫಕೀರಪ್ಪನನ್ನು ನೋಡಿದಳು. ಚಷ್ಮಾ ಇಳಿಸಿಕೊಂಡಳು.

"ಇದನ್ನೊಂದು ಅಳಸಬ್ಯಾಡ್ರಿ. ಇನ್ನೊಮ್ಮಿ ನಾ ಹೇಳಂಗಿಲ್ಲ."